ಸಣ್ಣ ಉದ್ಯಮಕ್ಕೆ ಮೊದಲ ಲೇಸರ್ ಎನ್‌ಗ್ರೇವಿಂಗ್ ಯಂತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ನಾಮಫಲಕ, ಸನ್ಮಾನದ ಸ್ಮರಣಿಕೆ, ಕೀಚೈನು, ರಬ್ಬರ್ ಸೀಲು, ಸ್ಟೀಲ್ ಪಾತ್ರೆಯ ಮೇಲಿನ ಹೆಸರು, ಇಂಥ ಕೆಲಸಗಳಿಗೆ ಮೊದಲ ಸಲ ಲೇಸರ್ ಯಂತ್ರ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ.

ಯಾವ ಯಂತ್ರ ಒಳ್ಳೆಯದು? ಒಂದು ಹೆಸರು ಹೇಳಿಬಿಡಿ.

ಯಂತ್ರದ ಹೆಸರಿಗೆ ಮೊದಲು ನಿಮ್ಮ ಕೈಯಲ್ಲಿರುವ ಆರ್ಡರು ನೋಡಿ. ಮುಂದಿನ ಆರು ತಿಂಗಳು ನೀವು ಯಾವ ವಸ್ತುವಿನ ಮೇಲೆ ಹೆಚ್ಚು ಕೆಲಸ ಮಾಡುತ್ತೀರಿ ಎಂಬುದೇ ಯಂತ್ರವನ್ನು ಆರಿಸುತ್ತದೆ. ಬೆಳಕು ವಸ್ತುವಿನಲ್ಲಿ ಹೀರಿಕೊಂಡರೆ ಮಾತ್ರ ಗುರುತು ಬೀಳುತ್ತದೆ. ಹೀರಿಕೊಳ್ಳುತ್ತದೋ ಇಲ್ಲವೋ ಎಂಬುದು ತರಂಗಾಂತರದ ಮೇಲೆ ನಿಂತಿದೆ. ಸಣ್ಣ ಉದ್ಯಮದವರ ಎದುರಿಗಿರುವುದು ಮೂರು ಬಗೆ.

ಡಯೋಡ್ ಲೇಸರ್: ಸುಮಾರು 450 ನ್ಯಾನೋಮೀಟರ್‌ನ ನೀಲಿ ಬೆಳಕು. ಮರ, ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ರಟ್ಟು, ಚರ್ಮ, ಕಪ್ಪು ಅಕ್ರಿಲಿಕ್, ಬಣ್ಣ ಬಳಿದ ಲೋಹ, ಕರಿಕಲ್ಲು, ಇವಕ್ಕೆ ಆಗುತ್ತದೆ. ಪಾರದರ್ಶಕ ಅಕ್ರಿಲಿಕ್ ಮತ್ತು ಗಾಜಿನೊಳಗೆ ಈ ಬೆಳಕು ನಿಲ್ಲದೆ ದಾಟಿಹೋಗುತ್ತದೆ.

ಸಿಒ2 ಲೇಸರ್: 10.6 ಮೈಕ್ರೋಮೀಟರ್‌ನ, ಕಣ್ಣಿಗೆ ಕಾಣದ ಬೆಳಕು. ಎಲ್ಲ ಬಣ್ಣದ ಅಕ್ರಿಲಿಕ್, ಮರ, ಬಟ್ಟೆ, ಕಾಗದ, ರಬ್ಬರ್, ಗಾಜು, ಕಲ್ಲು. ಬರಿಯ ಲೋಹದ ಮೇಲೆ ಗುರುತು ಬೀಳುವುದಿಲ್ಲ.

ಫೈಬರ್ ಲೇಸರ್: 1064 ನ್ಯಾನೋಮೀಟರ್. ಸ್ಟೀಲ್, ಹಿತ್ತಾಳೆ, ಅಲ್ಯೂಮಿನಿಯಂ, ಕೆಲವು ಗಟ್ಟಿ ಪ್ಲಾಸ್ಟಿಕ್. ಮರಕ್ಕೆ ಹೊಂದುವುದಿಲ್ಲ, ಪಾರದರ್ಶಕ ಅಕ್ರಿಲಿಕ್ ಮತ್ತು ಗಾಜಿನ ಮೇಲಂತೂ ಏನೂ ಆಗುವುದಿಲ್ಲ.

ಹೀಗಾಗಿ ಅಕ್ರಿಲಿಕ್ ನಾಮಫಲಕ ಮತ್ತು ಸೀಲಿನ ಕೆಲಸವಿದ್ದರೆ ಸಿಒ2, ಪಾತ್ರೆ ಮತ್ತು ಲೋಹದ ಟ್ಯಾಗ್ ಇದ್ದರೆ ಫೈಬರ್, ಮರದ ಉಡುಗೊರೆಗಳಿಂದ ಸಣ್ಣದಾಗಿ ಶುರು ಮಾಡುವವರಿಗೆ ಡಯೋಡ್.

ಒಂದೇ ಯಂತ್ರದಲ್ಲಿ ಮರ, ಸ್ಟೀಲು, ಗಾಜು ಎಲ್ಲ ಆಗುವುದಿಲ್ಲವೇ?

ಜಾಹೀರಾತಿನಲ್ಲಿ ಆಗುತ್ತದೆ. ಡಯೋಡ್ ಯಂತ್ರದಲ್ಲಿ ಗಾಜಿಗೆ ಕಪ್ಪು ಬಣ್ಣ ಬಳಿದು ಕೊರೆಯಬಹುದು. ಸಿಒ2ನಲ್ಲಿ ಸ್ಟೀಲಿಗೆ ಮಾರ್ಕಿಂಗ್ ಸ್ಪ್ರೇ ಹೊಡೆದು ಕಪ್ಪು ಗುರುತು ತರಬಹುದು. 10–20 ವ್ಯಾಟ್‌ನ ಡಯೋಡ್ ನಿಧಾನವಾಗಿ ಸ್ಟೀಲನ್ನು ನೇರವಾಗಿಯೂ ಕಪ್ಪಾಗಿಸುತ್ತದೆ. ಎರಡು ತುಂಡಿಗೆ ಇದೆಲ್ಲ ಸರಿ. ಇನ್ನೂರು ಸ್ಟೀಲ್ ಬಾಟಲಿಯ ಆರ್ಡರು ಬಂದಾಗ ಸ್ಪ್ರೇ ಹೊಡೆಯುವುದು, ಒಣಗಿಸುವುದು, ಕೊರೆದ ಮೇಲೆ ತೊಳೆಯುವುದು, ಇದರಲ್ಲೇ ಲಾಭ ಕರಗುತ್ತದೆ. ಅಪರೂಪಕ್ಕೆ ಬರುವ ಇಂಥ ಕೆಲಸವನ್ನು ಬೇರೆ ಯಂತ್ರ ಇರುವವರಿಗೆ ಜಾಬ್‌ವರ್ಕ್ ಕೊಡುವುದೇ ಲೇಸು.

ಡಯೋಡ್ ಯಂತ್ರದ ಪೆಟ್ಟಿಗೆ ಮೇಲೆ 80 ವ್ಯಾಟ್ ಎಂದಿದೆ, ಬೆಲೆ ಮಾತ್ರ ಕಡಿಮೆ. ಹೇಗೆ?

ಅದು ಹೆಚ್ಚಾಗಿ ಯಂತ್ರ ಎಳೆಯುವ ವಿದ್ಯುತ್ತಿನ ಲೆಕ್ಕ, ಇಲ್ಲವೇ ಬರೀ ಮಾದರಿಯ ಹೆಸರು. ನೀವು ಕೇಳಬೇಕಾದದ್ದು ‘ಆಪ್ಟಿಕಲ್ ಔಟ್‌ಪುಟ್ ಎಷ್ಟು?’ ಎಂದು. ನೀಲಿ ಡಯೋಡ್ ಒಂದರಿಂದ ಸಿಗುವುದು ಸುಮಾರು 5–6 ವ್ಯಾಟ್. ಎರಡು ಡಯೋಡ್‌ಗಳ ಕಿರಣ ಸೇರಿಸಿದರೆ 10 ವ್ಯಾಟ್, ನಾಲ್ಕು ಸೇರಿಸಿದರೆ 20. ಯಂತ್ರದ ಲೇಸರ್ ತಲೆಯಲ್ಲಿ ಎಷ್ಟು ಡಯೋಡ್ ಇವೆ ಎಂದು ಕೇಳಿದರೆ ನಿಜ ಹೊರಬರುತ್ತದೆ.

ವ್ಯಾಟ್ ಹೆಚ್ಚಾದಷ್ಟೂ ಒಳ್ಳೆಯದು ಎಂದೂ ಅಲ್ಲ. ಡಯೋಡ್‌ಗಳು ಹೆಚ್ಚಿದಂತೆ ಬೆಳಕಿನ ಚುಕ್ಕೆ ದಪ್ಪವಾಗುತ್ತದೆ. ಮರದ ಮೇಲೆ ಫೋಟೋ ಕೊರೆಯಲು 5 ಅಥವಾ 10 ವ್ಯಾಟ್‌ನ ಸಣ್ಣ ಚುಕ್ಕೆ ಚೆನ್ನ, ಕತ್ತರಿಸಲು 20 ವ್ಯಾಟ್ ಚೆನ್ನ. ಎರಡೂ ಬೇಕೆನ್ನುವವರಿಗೆ 10 ವ್ಯಾಟ್ ಸರಿಯಾದ ನಡುದಾರಿ. 5 ವ್ಯಾಟ್‌ನದ್ದು ಕಲಿಯಲು ಸಾಕು, ವ್ಯಾಪಾರಕ್ಕೆ ಬಲು ಬೇಗ ಚಿಕ್ಕದಾಗುತ್ತದೆ.

ಒಂದು ತುಂಡು ಕೊರೆಯಲು ಎಷ್ಟು ಹೊತ್ತು ಬೇಕು?

ಕೊಳ್ಳುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬಹುದು. 100 × 100 ಮಿ.ಮೀ. ಚೌಕವನ್ನು ಪೂರ್ತಿ ತುಂಬಿಸಬೇಕು, ಗೆರೆಗಳ ನಡುವಿನ ಅಂತರ 0.1 ಮಿ.ಮೀ. (ಅಂದರೆ ಇಂಚಿಗೆ 254 ಗೆರೆ, 254 ಡಿಪಿಐ) ಎಂದಿಟ್ಟುಕೊಳ್ಳಿ. ಆಗ 1000 ಗೆರೆ, ಒಂದೊಂದೂ 100 ಮಿ.ಮೀ.; ಲೇಸರ್ ಓಡಬೇಕಾದ ದೂರ 1,00,000 ಮಿ.ಮೀ. ಡಯೋಡ್ ಯಂತ್ರ ನಿಮಿಷಕ್ಕೆ 6000 ಮಿ.ಮೀ. ವೇಗದಲ್ಲಿ ಓಡಿದರೆ ಸುಮಾರು 17 ನಿಮಿಷ. ಸಿಒ2 ಯಂತ್ರ ಸೆಕೆಂಡಿಗೆ 300 ಮಿ.ಮೀ. ಓಡಿದರೆ ಐದೂವರೆ ನಿಮಿಷ. ಪ್ರತಿ ಗೆರೆಯ ತುದಿಯಲ್ಲಿ ತಲೆ ನಿಂತು ತಿರುಗುವ ಸಮಯ ಇದರ ಮೇಲೆ ಸೇರುತ್ತದೆ. ಫೈಬರ್ ಯಂತ್ರದಲ್ಲಿ ತಲೆ ಓಡುವುದಿಲ್ಲ, ಪುಟ್ಟ ಕನ್ನಡಿಗಳು ಕಿರಣವನ್ನು ಹೊರಳಿಸುತ್ತವೆ. ಆದ್ದರಿಂದ 0.05 ಮಿ.ಮೀ. ಅಂತರದಲ್ಲಿ ದೂರ ಇಮ್ಮಡಿಯಾದರೂ, ಸೆಕೆಂಡಿಗೆ 1000 ಮಿ.ಮೀ. ವೇಗದಲ್ಲಿ ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ.

ಕಾಲೇಜಿನ ಸಮಾರಂಭಕ್ಕೆ ನಾಳೆ ಬೆಳಗ್ಗೆ ನೂರು ಸ್ಮರಣಿಕೆ ಬೇಕೆಂದಾಗ ಒಪ್ಪಿಕೊಳ್ಳಬೇಕೋ ಬೇಡವೋ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

3 ಮಿ.ಮೀ. ಪ್ಲೈವುಡ್ ಒಂದು ಕಡೆ ಕತ್ತರಿಸುತ್ತದೆ, ಇನ್ನೊಂದು ಕಡೆ ಇಲ್ಲ. ಯಂತ್ರ ಕೆಟ್ಟಿದೆಯೇ?

ಮೊದಲು ಪ್ಲೈಯನ್ನು ಅನುಮಾನಿಸಿ. ನಮ್ಮ ಅಂಗಡಿಗಳಲ್ಲಿ ಸಿಗುವ ಪ್ಲೈ ಮನೆಪೀಠೋಪಕರಣಕ್ಕೆ ಮಾಡಿದ್ದು. ಒಳಪದರದಲ್ಲಿ ಗಂಟು, ಸಂದು, ಸಂದಿಗೆ ತುಂಬಿದ ಅಂಟು ಇರುತ್ತವೆ. ನೀರು ತಡೆಯುವ ಬಿಡಬ್ಲ್ಯುಪಿ ದರ್ಜೆಯದ್ದರಲ್ಲಿ ಕಪ್ಪು ಫೀನಾಲ್ ಅಂಟು ಬಳಸುತ್ತಾರೆ. ಅದು ಸುಟ್ಟು ಇದ್ದಿಲಾಗಿ ಕಿರಣವನ್ನು ಅಲ್ಲೇ ತಡೆಯುತ್ತದೆ. ಲೇಸರ್ ಕೆಲಸಕ್ಕೆಂದೇ ಮಾರುವ ಬರ್ಚ್ ಅಥವಾ ಬಾಸ್‌ವುಡ್ ಪ್ಲೈ ತುಟ್ಟಿಯಾದರೂ ಹಾಳಾಗುವ ತುಂಡು ಕಡಿಮೆ. ಸಾದಾ 3 ಮಿ.ಮೀ. ಎಂಡಿಎಫ್ ಎಲ್ಲ ಕಡೆ ಒಂದೇ ಹದವಾಗಿ ಕತ್ತರಿಸುತ್ತದೆ, ಅಂಚು ಮಾತ್ರ ಕಪ್ಪಾಗುತ್ತದೆ.

ಪ್ಲೈ ಸರಿಯಿದ್ದರೆ ಹಲಗೆ ಬಾಗಿದೆಯೇ ನೋಡಿ. ಒಂದು ಮೂಲೆ 2 ಮಿ.ಮೀ. ಎದ್ದರೂ ಅಲ್ಲಿ ಫೋಕಸ್ ತಪ್ಪುತ್ತದೆ. ಅಂಚುಗಳನ್ನು ಅಯಸ್ಕಾಂತದಿಂದ ಅಥವಾ ಕ್ಲಿಪ್‌ನಿಂದ ಒತ್ತಿಹಿಡಿಯಿರಿ. ಮೂರನೆಯದು ಲೆನ್ಸ್ ಮೇಲಿನ ಹೊಗೆಯ ಕಲೆ. ನಾಲ್ಕನೆಯದು ಗಾಳಿ: ಕತ್ತರಿಸುವಾಗ ಏರ್ ಅಸಿಸ್ಟ್ ಪಂಪು ಜೋರಾಗಿ ಬೀಸಿದರೆ ಹೊಗೆ ಸರಿದು ಕಿರಣ ಆಳಕ್ಕೆ ಇಳಿಯುತ್ತದೆ, ಜ್ವಾಲೆಯೂ ಏಳುವುದಿಲ್ಲ. ಬರೀ ಕೊರೆಯುವಾಗ ಮೆಲ್ಲಗಿರಲಿ, ಇಲ್ಲದಿದ್ದರೆ ಮಸಿ ಮರದ ಮೇಲೆ ಹರಡುತ್ತದೆ.

ಅಕ್ರಿಲಿಕ್ ಮೇಲೆ ಕೊರೆದರೆ ಬಿಳಿ ಬರುತ್ತಿಲ್ಲ, ಮಂಕಾಗಿದೆ.

ನಿಮಗೆ ಸಿಕ್ಕಿರುವುದು ಎಕ್ಸ್‌ಟ್ರೂಡೆಡ್ (ಯಂತ್ರದಿಂದ ಒತ್ತಿ ಹೊರತೆಗೆದ) ಹಾಳೆ. ಕೊರೆಯಲು ಬೇಕಾದದ್ದು ಕಾಸ್ಟ್ (ಅಚ್ಚಿನಲ್ಲಿ ಎರೆದ) ಅಕ್ರಿಲಿಕ್. ಅದರ ಮೇಲೆ ಮಂಜಿನಂಥ ಬಿಳಿ ಗುರುತು ಏಳುತ್ತದೆ. ಎಲ್‌ಇಡಿ ದೀಪದ ಫಲಕಗಳು ಹೊಳೆಯುವುದು ಈ ಬಿಳುಪಿನಿಂದಲೇ. ಎಕ್ಸ್‌ಟ್ರೂಡೆಡ್ ಹಾಳೆ ಕರಗಿ ಅಂಟಂಟಾಗುತ್ತದೆ, ಆದರೆ ಕತ್ತರಿಸಿದ ಅಂಚು ನುಣುಪು. ಅಂಗಡಿಯವರಿಗೆ ‘ಕಾಸ್ಟ್ ಬೇಕು’ ಎಂದು ಬಾಯಿಬಿಟ್ಟು ಹೇಳಿ, ಮೊದಲು ಚೂರೊಂದನ್ನು ತಂದು ಕೊರೆದು ನೋಡಿ.

ಯಾವುದನ್ನು ಯಂತ್ರಕ್ಕೆ ಹಾಕಲೇಬಾರದು?

ಪಿವಿಸಿ. ಇದರಲ್ಲಿ ರಿಯಾಯಿತಿ ಇಲ್ಲ. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ತೇವದೊಂದಿಗೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ನಿಮ್ಮ ಶ್ವಾಸಕೋಶಕ್ಕೂ ಕೆಡುಕು, ಯಂತ್ರದ ಹಳಿ, ಬೇರಿಂಗು, ಕನ್ನಡಿಗಳಿಗೂ ತುಕ್ಕು. ಸೈನ್‌ಬೋರ್ಡ್ ಕೆಲಸದವರ ಬಳಿ ಇದು ಬೇರೆ ಬೇರೆ ಹೆಸರಿನಲ್ಲಿ ಇರುತ್ತದೆ: ಸನ್‌ಬೋರ್ಡ್, ಫೋಮ್ ಶೀಟ್, ವಿನೈಲ್ ಸ್ಟಿಕರ್, ಫ್ಲೆಕ್ಸ್. ರೆಕ್ಸಿನ್ ಕೂಡ ಬಹುಪಾಲು ಇದೇ ಜಾತಿ. ಗಿರಾಕಿ ‘ಲೆದರ್ ಡೈರಿ’ ಎಂದು ತಂದುಕೊಡುವುದು ಅನೇಕ ಸಲ ರೆಕ್ಸಿನ್ನೇ.

ಅನುಮಾನವಿದ್ದರೆ ತಾಮ್ರದ ತಂತಿಯ ಪರೀಕ್ಷೆ ಮಾಡಿ. ಬಯಲಿನಲ್ಲಿ, ಇಕ್ಕಳದಲ್ಲಿ ಹಿಡಿದ ತಾಮ್ರದ ತಂತಿಯನ್ನು ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ. ಜ್ವಾಲೆಗೆ ಬಣ್ಣ ಬರುವುದು ನಿಂತ ಮೇಲೆ ಬಿಸಿ ತಂತಿಯನ್ನು ಆ ವಸ್ತುವಿಗೆ ತಾಕಿಸಿ, ತುಸು ಅಂಟಿಕೊಂಡದ್ದನ್ನು ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಜ್ವಾಲೆ ಎದ್ದರೆ ಅದರಲ್ಲಿ ಕ್ಲೋರಿನ್ ಇದೆ. ಗಿರಾಕಿಗೆ ವಾಪಸು ಕೊಡಿ.

ಚರ್ಮದಲ್ಲಿ ಕ್ರೋಮ್ ಹದದ್ದನ್ನು ಬಿಟ್ಟು ಸಸ್ಯಹದದ್ದು ಕೇಳಿ. ಪಾಲಿಕಾರ್ಬನೇಟ್ ಹಳದಿಯಾಗುತ್ತದೆ, ಎಬಿಎಸ್ ಕರಗುತ್ತದೆ. ಚನ್ನಪಟ್ಟಣದ ಬಣ್ಣದ ಆಟಿಕೆಗಳ ಮೇಲೆ ಹೆಸರು ಹಾಕಿಕೊಡಿ ಎಂದು ಕೇಳುವವರಿದ್ದಾರೆ. ಅದರ ಮೆರುಗು ಅರಗಿನದು, ಶಾಖಕ್ಕೆ ಮೆತ್ತಗಾಗಿ ಅಂಚು ಕದಡುತ್ತದೆ. ಬಣ್ಣ ಹಾಕದ ಮರದ ಭಾಗದಲ್ಲಿ ಕೊರೆದರೆ ಅಚ್ಚುಕಟ್ಟು.

ಸಿಒ2 ಯಂತ್ರ ತಂದರೆ ಜೊತೆಗೆ ಏನೇನು ಬೇಕು?

ಇಲ್ಲಿ ಸ್ವಲ್ಪ ನಿಂತು ಓದಿ. ಹೊಸಬರ ದುಡ್ಡು ಹೆಚ್ಚು ಹಾಳಾಗುವುದು ಇಲ್ಲೇ.

ಕಡಿಮೆ ಬೆಲೆಯ ಸಿಒ2 ಯಂತ್ರದಲ್ಲಿ ಗಾಜಿನ ಟ್ಯೂಬ್ ಇರುತ್ತದೆ. ಅದರ ಸುತ್ತ ನೀರು ಸದಾ ಹರಿಯುತ್ತಿರಬೇಕು, ಶಾಖ 15ರಿಂದ 25 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬೋರ್‌ವೆಲ್ ನೀರು ಹಾಕಿದರೆ ಸುಣ್ಣ ಕಟ್ಟುತ್ತದೆ, ಡಿಸ್ಟಿಲ್ಡ್ ನೀರನ್ನೇ ಹಾಕಿ.

ಯಂತ್ರದ ಜೊತೆ ‘ಚಿಲ್ಲರ್ ಉಚಿತ’ ಎಂದರೆ ಯಾವ ಚಿಲ್ಲರ್ (ನೀರು ತಣಿಸುವ ಪೆಟ್ಟಿಗೆ) ಎಂದು ಕೇಳಿ. ಸಿಡಬ್ಲ್ಯು-3000 ಎಂಬುದರಲ್ಲಿ ಕಂಪ್ರೆಸರ್ ಇಲ್ಲ, ಬರೀ ಫ್ಯಾನು ಮತ್ತು ರೇಡಿಯೇಟರ್. ಕೋಣೆಯ ಶಾಖಕ್ಕಿಂತ ಕೆಳಗೆ ನೀರನ್ನು ತಣಿಸಲು ಅದಕ್ಕೆ ಸಾಧ್ಯವೇ ಇಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಅದರಿಂದ ಏನೂ ಪ್ರಯೋಜನವಿಲ್ಲ. ಸಿಡಬ್ಲ್ಯು-5000ದಲ್ಲಿ ಕಂಪ್ರೆಸರ್ ಇದೆ, ಅದನ್ನೇ ಕೇಳಿ. ಮಂಗಳೂರು, ಉಡುಪಿ, ಕಾರವಾರದವರದ್ದು ಬೇರೆ ತೊಂದರೆ. ಗಾಳಿಯಲ್ಲಿ ತೇವ ಹೆಚ್ಚಿರುವಾಗ ನೀರನ್ನು 18 ಡಿಗ್ರಿಗೆ ಇಳಿಸಿದರೆ ಟ್ಯೂಬಿನ ಹೊರಮೈಯಲ್ಲಿ ಹನಿಗಟ್ಟುತ್ತದೆ. ಟ್ಯೂಬಿಗೆ ಹೋಗುವುದು ಸಾವಿರಾರು ವೋಲ್ಟ್. ಹನಿಯ ಮೂಲಕ ಕಿಡಿ ಹಾರಿದರೆ ಟ್ಯೂಬೂ ಹೋಗುತ್ತದೆ, ಪವರ್ ಸಪ್ಲೈಯೂ ಹೋಗುತ್ತದೆ. ಕರಾವಳಿಯಲ್ಲಿ 25ರ ಆಸುಪಾಸಿನಲ್ಲಿ ಇಟ್ಟು, ಮಳೆಗಾಲದಲ್ಲಿ ಹನಿ ಕಂಡರೆ ಯಂತ್ರ ಹಚ್ಚಬೇಡಿ.

ಅರ್ಥಿಂಗ್ ಕಡ್ಡಾಯ. ಮಲ್ಟಿಮೀಟರಿನಲ್ಲಿ ಅರ್ಥ್ ಮತ್ತು ನ್ಯೂಟ್ರಲ್ ನಡುವೆ ಅಳೆದಾಗ ವೋಲ್ಟೇಜು ಎರಡು–ಮೂರಕ್ಕಿಂತ ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಗುಂಡಿ ಸರಿಮಾಡಿಸಿ, ಆಮೇಲೆ ಯಂತ್ರ ಇಳಿಸಿಕೊಳ್ಳಿ. ಕರೆಂಟು ಏರುಪೇರಾಗುವ ಊರಿನಲ್ಲಿ ಸ್ಟೆಬಿಲೈಸರ್ ಬೇಕು.

ಟ್ಯೂಬ್ ಸವೆಯುವ ಭಾಗ. ಪೂರ್ತಿ ಕರೆಂಟು ಕೊಟ್ಟು ಓಡಿಸಿದರೆ ಬೇಗ ಮುಗಿಯುತ್ತದೆ. ಗರಿಷ್ಠದ 70–80 ಶೇಕಡದೊಳಗೆ ಇರಿಸಿ; ಮಿಲಿ ಆಂಪಿಯರ್ ಮೀಟರ್ ಇರುವ ಯಂತ್ರವನ್ನೇ ಆರಿಸಿ. ಯಂತ್ರ ಬಂದ ದಿನ ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೊ ಮಾಡಿ, ಟ್ಯೂಬಿನ ತುದಿಗಳಲ್ಲಿ ಬಿರುಕಿದೆಯೇ ನೋಡಿ. ಸಾಗಣೆಯಲ್ಲಿ ಒಡೆಯುವುದು ಅದೇ.

ಪಾತ್ರೆ ಮೇಲೆ ಹೆಸರು ಹಾಕಲು 20 ವ್ಯಾಟ್ ಫೈಬರ್ ಸಾಕೇ?

ಸಾಕು. ಮದುವೆ, ಗೃಹಪ್ರವೇಶದ ಸ್ಟೀಲ್ ಪಾತ್ರೆ, ಹಿತ್ತಾಳೆ ದೀಪ, ನೀರಿನ ಬಾಟಲಿ, ಪೆನ್ನು, ಯಂತ್ರಭಾಗಗಳ ನಂಬರು, ಇವೆಲ್ಲಕ್ಕೆ 20 ವ್ಯಾಟ್ ಸಾಲುತ್ತದೆ. ಹಿತ್ತಾಳೆಯನ್ನು ಆಳವಾಗಿ ಕೊರೆಯುವ ಆರ್ಡರು ಹೆಚ್ಚಿದ್ದರೆ 30. ಸ್ಟೀಲಿನ ಮೇಲೆ ಬಣ್ಣ ಬಣ್ಣದ ಗುರುತು, ಆನೊಡೈಸ್ಡ್ ಅಲ್ಯೂಮಿನಿಯಂ ಮೇಲೆ ಅಚ್ಚ ಕಪ್ಪು ಬೇಕಿದ್ದರೆ ಮಾತ್ರ ಮೋಪಾ ಬಗೆಯದ್ದಕ್ಕೆ (ಬೆಳಕಿನ ಮಿಡಿತದ ಅವಧಿ ಬದಲಿಸಬಲ್ಲ ಫೈಬರ್ ಲೇಸರ್) ಹೆಚ್ಚು ದುಡ್ಡು ಕೊಡಿ.

ಲೆನ್ಸ್ ಯಾವುದೆಂದು ಕೇಳುವುದನ್ನು ಮರೆಯಬೇಡಿ. 110 × 110 ಮಿ.ಮೀ. ಕ್ಷೇತ್ರದ ಲೆನ್ಸ್‌ನಲ್ಲಿ ಗೆರೆ ಸಣ್ಣ, ಗುರುತು ಗಾಢ. 175 × 175ರದ್ದರಲ್ಲಿ ಜಾಗ ದೊಡ್ಡದು, ಆದರೆ ಚುಕ್ಕೆ ದಪ್ಪವಾಗಿ ಬಲ ಹಂಚಿಹೋಗುತ್ತದೆ. ಪಾತ್ರೆ ಕೆಲಸಕ್ಕೆ ಮೊದಲನೆಯದು ಸಾಕು. ಕೊಡದ ಕಂಠದಂಥ ಉಬ್ಬಿನ ಮೇಲೆ ಉದ್ದ ಹೆಸರು ಹಾಕಿದರೆ ನಡುವೆ ಕಪ್ಪು, ಅಂಚಿನಲ್ಲಿ ತೆಳು. ಅಲ್ಲಿ ಮೇಲ್ಮೈ ಫೋಕಸಿನಿಂದ ಕೆಳಗಿಳಿದಿರುತ್ತದೆ. ಹೆಸರನ್ನು ಎರಡು ಸಾಲು ಮಾಡಿ, ಇಲ್ಲವೇ ರೋಟರಿ ಹಾಕಿ ಪಾತ್ರೆಯನ್ನೇ ತಿರುಗಿಸಿ. ಆಹಾರ ತಾಕುವ ಒಳಮೈಯಲ್ಲಿ ಕೊರೆಯಬೇಡಿ. ಹೆಚ್ಚು ಶಾಖ ಕೊಟ್ಟು ಸುಟ್ಟ ಗುರುತಿನಲ್ಲಿ ಸ್ಟೀಲಿನ ರಕ್ಷಣಾ ಪದರ ಹೋಗಿ, ದಿನವೂ ತೊಳೆಯುವ ಪಾತ್ರೆಗೆ ತುಕ್ಕಿನ ಛಾಯೆ ಬರುತ್ತದೆ.

ಕನ್ನಡ ಅಕ್ಷರ ಕೊರೆದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಏನು ಮಾಡಬೇಕು?

ಲೇಸರ್ ತಂತ್ರಾಂಶದೊಳಗೆ ಕನ್ನಡ ಟೈಪ್ ಮಾಡಬೇಡಿ. ಇಂಕ್‌ಸ್ಕೇಪ್ ಉಚಿತ, ಅದರಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂಡುತ್ತದೆ. ಅಲ್ಲಿ ಟೈಪ್ ಮಾಡಿ, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಅಕ್ಷರಗಳನ್ನು ಬರೀ ಗೆರೆಗಳಾಗಿ ಬದಲಿಸಿ, ಎಸ್‌ವಿಜಿಯಾಗಿ ಉಳಿಸಿ ಲೈಟ್‌ಬರ್ನ್ ಅಥವಾ ನಿಮ್ಮ ಯಂತ್ರದ ತಂತ್ರಾಂಶಕ್ಕೆ ಒಯ್ಯಿರಿ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ತಿರೋ ಕನ್ನಡ ಇವು ಮುಕ್ತ ಪರವಾನಗಿಯ ಫಾಂಟುಗಳು, ವ್ಯಾಪಾರಕ್ಕೂ ಬಳಸಬಹುದು. ಗಿರಾಕಿ ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದ ಕಡತ ಕಳಿಸಿದರೆ ಆ ಫಾಂಟು ನಿಮ್ಮಲ್ಲಿ ಇಲ್ಲದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪಿಡಿಎಫ್ ಕೂಡ ಕೇಳಿ ತರಿಸಿಕೊಂಡು ಹೋಲಿಸಿ ನೋಡಿ.

ಅಕ್ಷರವನ್ನು ಕೊರೆಯುವುದು ಬೇರೆ, ಕತ್ತರಿಸಿ ತೆಗೆಯುವುದು ಬೇರೆ. ‘ಶ್ರೀ’ ಅಥವಾ ‘ಲಕ್ಷ್ಮೀ’ ಎಂದು ಕತ್ತರಿಸುವಾಗ ಮೂಲ ಅಕ್ಷರ, ಒತ್ತು, ದೀರ್ಘ ಒಂದರ ಮೇಲೊಂದು ಹಾದಿರುತ್ತವೆ. ಹಾಗೆಯೇ ಕಳಿಸಿದರೆ ಯಂತ್ರ ಒಳಗಿನ ಗೆರೆಗಳನ್ನೂ ಕತ್ತರಿಸಿ ಅಕ್ಷರ ಚೂರಾಗುತ್ತದೆ. ಪಾತ್ ಮಾಡಿದ ಮೇಲೆ ಅನ್‌ಗ್ರೂಪ್ ಮಾಡಿ, ಎಲ್ಲವನ್ನೂ ಆರಿಸಿ ‘ಯೂನಿಯನ್’ ಕೊಡಿ. ಇನ್ನು ‘ಅಕ್ಕ’, ‘ಅಪ್ಪ’ದಂಥ ಪದಗಳಲ್ಲಿ ಒತ್ತು ಹಲವು ಫಾಂಟುಗಳಲ್ಲಿ ಮೇಲಿನ ಅಕ್ಷರಕ್ಕೆ ತಾಕುವುದೇ ಇಲ್ಲ, ಕತ್ತರಿಸಿದೊಡನೆ ಕೆಳಗೆ ಬೀಳುತ್ತದೆ. ಅದಕ್ಕೆ ಎರಡು ಪದರದ ಫಲಕವೇ ದಾರಿ: ಅಕ್ಷರದ ಸುತ್ತ 3–4 ಮಿ.ಮೀ. ಹೊರಗೆರೆ ಬೆಳೆಸಿ ಹಿಂಬದಿಯ ಪದರ ಕತ್ತರಿಸಿ, ಅದರ ಮೇಲೆ ಅಕ್ಷರ ಮತ್ತು ಒತ್ತುಗಳನ್ನು ಅಂಟಿಸಿ.

ಕೊರೆಯಚ್ಚು (ಸ್ಟೆನ್ಸಿಲ್) ಮಾಡುವಾಗ ಇದರ ತಿರುವುಮುರುವು. ‘ರ’, ‘ಠ’, ಅನುಸ್ವಾರಗಳ ಒಳಗಿನ ದುಂಡು ಬಿದ್ದುಹೋಗುತ್ತದೆ, ಒಂದೂವರೆ ಮಿ.ಮೀ. ಅಗಲದ ಸೇತುವೆ ಬಿಡಿ. ಸೀಲಿನಲ್ಲಿ ಅಕ್ಷರದ ಎತ್ತರ 3 ಮಿ.ಮೀ.ಗಿಂತ ಇಳಿದರೆ ಒತ್ತಿನಲ್ಲಿ ಶಾಯಿ ತುಂಬಿಕೊಂಡು ಓದಲಾಗುವುದಿಲ್ಲ.

ಅಂಗಡಿ, ಉದ್ದಿಮೆಗಳ ನಾಮಫಲಕಗಳಲ್ಲಿ 60 ಶೇಕಡ ಕನ್ನಡ ಇರಬೇಕೆಂಬ 2024ರ ತಿದ್ದುಪಡಿ ಕಾಯ್ದೆಯ ನಂತರ ಇದು ನಿತ್ಯದ ಕೆಲಸ. ಕನ್ನಡವನ್ನು ಅಂದವಾಗಿ, ತಪ್ಪಿಲ್ಲದೆ ಕತ್ತರಿಸಿಕೊಡುವವರಿಗೆ ಗಿರಾಕಿ ಮತ್ತೆ ಬರುತ್ತಾರೆ. ಕಾಗುಣಿತ ನೋಡಿ ಒಪ್ಪಿದ ಪ್ರೂಫ್ ವಾಟ್ಸಾಪಿನಲ್ಲಿ ತರಿಸಿಕೊಳ್ಳದೆ ಯಂತ್ರ ಹಚ್ಚಬೇಡಿ.

ಕನ್ನಡಕ, ಹೊಗೆ, ಬೆಂಕಿ: ಎಷ್ಟು ಎಚ್ಚರ ಬೇಕು?

ತೆರೆದ ಡಯೋಡ್ ಯಂತ್ರ ನಾಲ್ಕನೇ ವರ್ಗದ, ಅಂದರೆ ಅತಿ ಅಪಾಯದ ವರ್ಗದ ಲೇಸರ್. ಚದುರಿದ ಬೆಳಕೂ ಕಣ್ಣಿಗೆ ಕೆಡುಕು. ಅಂಗಡಿಯಲ್ಲಿ ಗಿರಾಕಿಗಳು, ಮಕ್ಕಳು ಓಡಾಡುವುದಾದರೆ ಮುಚ್ಚಿದ ಯಂತ್ರವನ್ನೇ ಕೊಳ್ಳಿ. ಕನ್ನಡಕದ ಮೇಲೆ ನಿಮ್ಮ ಯಂತ್ರದ ತರಂಗಾಂತರ ಅಚ್ಚಾಗಿರಬೇಕು. ಡಯೋಡಿನ ಕನ್ನಡಕ ಫೈಬರಿಗೆ ಆಗುವುದಿಲ್ಲ. ಫೈಬರಿನ ಕಿರಣ ಕಾಣುವುದಿಲ್ಲ, ನೇರ ಅಕ್ಷಿಪಟಲಕ್ಕೆ ಹೋಗುತ್ತದೆ, ಸಾದಾ ಪಾರದರ್ಶಕ ಅಕ್ರಿಲಿಕ್ ಅದನ್ನು ತಡೆಯುವುದಿಲ್ಲ.

ಹೊಗೆಯನ್ನು 4 ಇಂಚಿನ ಕೊಳವೆ ಮತ್ತು ಇನ್‌ಲೈನ್ ಫ್ಯಾನಿನಿಂದ ಹೊರಗೆ ಹಾಕಿ. ಫ್ಯಾನು ಕಿಟಕಿಯ ಕಡೆಗಿರಲಿ, ಆಗ ಕೊಳವೆ ಸೋರಿದರೂ ಹೊಗೆ ಕೋಣೆಗೆ ಬರುವುದಿಲ್ಲ. ಪಕ್ಕದ ಮನೆಯ ಕಿಟಕಿಗೆ ಬಾಯಿ ಮಾಡಬೇಡಿ. ಎಂಡಿಎಫ್ ವಾಸನೆಗೆ ಜಗಳವಾಗಿ ಅಂಗಡಿ ಬದಲಿಸುವ ಸ್ಥಿತಿ ಬರುತ್ತದೆ. ಯಂತ್ರ ಓಡುವಾಗ ಚಹಾಕ್ಕೂ ಎದ್ದು ಹೋಗುವಂತಿಲ್ಲ. ಅಕ್ರಿಲಿಕ್ ಹೊತ್ತಿಕೊಂಡರೆ ಒಂದು ನಿಮಿಷದಲ್ಲಿ ಯಂತ್ರವೇ ಉರಿಯುತ್ತದೆ. ಸಿಒ2 ಅನಿಲದ ಅಗ್ನಿಶಾಮಕ ಕೈಗೆಟಕುವಲ್ಲಿ ಇರಲಿ. ಪುಡಿಯದ್ದು ಬೆಂಕಿ ಆರಿಸಿದರೂ ಲೆನ್ಸು, ಹಳಿಗಳನ್ನು ಹಾಳುಮಾಡುತ್ತದೆ.

ಒಟ್ಟು ಎಷ್ಟು ದುಡ್ಡು ಎತ್ತಿಡಬೇಕು? ಕೆಲಸಕ್ಕೆ ದರ ಹೇಗೆ ಹೇಳುವುದು?

ಡಯೋಡ್ ಸಾವಿರಗಳಲ್ಲಿ ಮುಗಿಯುತ್ತದೆ. ಕೆಲಸಕ್ಕೆ ಬರುವ ಸಿಒ2 ಮತ್ತು ಫೈಬರ್ ಲಕ್ಷಗಳ ಮಾತು. ಯಾವುದೇ ಆದರೂ ಯಂತ್ರದ ಬೆಲೆಯ ಮೇಲೆ ಕಾಲು ಭಾಗವನ್ನು ಎಕ್ಸಾಸ್ಟ್, ಅರ್ಥಿಂಗ್, ಸ್ಟೆಬಿಲೈಸರ್, ಕಚ್ಚಾವಸ್ತು ಮತ್ತು ಹಾಳಾಗುವ ತುಂಡುಗಳಿಗೆ ಇಡಿ. ಯಂತ್ರಕ್ಕೆ 18 ಶೇಕಡ ಜಿಎಸ್‌ಟಿ ಇದೆ. ನೀವು ಸಾಮಾನ್ಯ ನೋಂದಣಿಯಲ್ಲಿದ್ದರೆ ಅದರ ಕ್ರೆಡಿಟ್ ಸಿಗುತ್ತದೆ, ಕಾಂಪೊಸಿಷನ್‌ನಲ್ಲಿ (ವಹಿವಾಟಿನ ಮೇಲೆ ನಿಗದಿತ ಸಣ್ಣ ದರದ ತೆರಿಗೆ ಕಟ್ಟುವ ಪದ್ಧತಿ) ಸಿಗುವುದಿಲ್ಲ. ಸಾಲ ಬೇಕಿದ್ದರೆ ಮುದ್ರಾದಲ್ಲಿ 50,000 ರೂಪಾಯಿವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ. ಉದ್ಯಮ್ ನೋಂದಣಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ.

ದರಕ್ಕೆ ನಿಮಿಷದ ಲೆಕ್ಕ ಇಟ್ಟುಕೊಳ್ಳಿ. ಸಿಒ2 ಯಂತ್ರಕ್ಕೆ ಎಲ್ಲ ಸೇರಿ 2,40,000 ರೂಪಾಯಿ ಆಯಿತು, ದಿನಕ್ಕೆ 4 ಗಂಟೆಯಂತೆ ವರ್ಷಕ್ಕೆ 250 ದಿನ, ಮೂರು ವರ್ಷ ಓಡುತ್ತದೆ ಎಂದುಕೊಂಡರೆ 3000 ಗಂಟೆ. ಗಂಟೆಗೆ 80 ರೂಪಾಯಿ. 20,000ದ ಟ್ಯೂಬ್ 1500 ಗಂಟೆ ಬಂದರೆ ಗಂಟೆಗೆ 13. ಚಿಲ್ಲರ್, ಫ್ಯಾನು ಸೇರಿ ಕರೆಂಟಿಗೆ 12. ಕೂಲಿ 100. ಒಟ್ಟು 205, ಅಂದರೆ ನಿಮಿಷಕ್ಕೆ ಸುಮಾರು ಮೂರೂವರೆ ರೂಪಾಯಿ ಬರೀ ಖರ್ಚು. ಇದರ ಮೇಲೆ ವಸ್ತು, ಲಾಭ, ಡಿಸೈನ್ ಸಮಯ. ಡಿಸೈನನ್ನು ಉಚಿತ ಮಾಡಿದರೆ ಒಂಟಿ ಕೀಚೈನಿನ ಆರ್ಡರುಗಳಲ್ಲಿ ಕೈಸುಟ್ಟುಕೊಳ್ಳುತ್ತೀರಿ.

ರಾಷ್ಟ್ರಲಾಂಛನ ಇರುವ ಸೀಲು, ಫಲಕ ಮಾಡಿಕೊಡಬಹುದೇ?

ಅಧಿಕೃತ ಪತ್ರವಿಲ್ಲದೆ ಬೇಡ. 2005ರ ಕಾಯ್ದೆಯೊಂದು ರಾಷ್ಟ್ರಲಾಂಛನದ ಅನುಚಿತ ಬಳಕೆಯನ್ನು ನಿಷೇಧಿಸಿದೆ. ಅಧಿಕಾರಿ, ವೈದ್ಯ, ನೋಟರಿಗಳ ಸೀಲಿಗೆ ಆದೇಶಪತ್ರ ಮತ್ತು ಗುರುತಿನ ಚೀಟಿಯ ಪ್ರತಿ ಪಡೆದು ರಿಜಿಸ್ಟರಿನಲ್ಲಿ ಬರೆದಿಡಿ. ಕಂಪನಿಗಳ ಲೋಗೋ ಇರುವ ಮಾಲನ್ನು ಅವರ ಅನುಮತಿಯಿಲ್ಲದೆ ಮಾಡಿ ಮಾರುವುದೂ ಟ್ರೇಡ್‌ಮಾರ್ಕ್ ಉಲ್ಲಂಘನೆ.

ಡೆಮೊ ನೋಡುವಾಗ ಏನು ಪರೀಕ್ಷಿಸಬೇಕು?

ಮಾರುವವರ ಸ್ಯಾಂಪಲ್ ನೋಡಬೇಡಿ, ನಿಮ್ಮ ವಸ್ತು, ನಿಮ್ಮ ಕಡತ ಒಯ್ಯಿರಿ. ಕನ್ನಡದಲ್ಲಿ ಎರಡು ಸಾಲು ಕೊರೆಸಿ, ಸಮಯ ಅಳೆಯಿರಿ. ಹಾಸಿನ ನಾಲ್ಕು ಮೂಲೆಯಲ್ಲೂ ಒಂದೇ ಪುಟ್ಟ ವೃತ್ತವನ್ನು ಕತ್ತರಿಸಿ: ಸಿಒ2ನಲ್ಲಿ ಒಂದು ಮೂಲೆಯಲ್ಲಿ ಕತ್ತರಿಸದೆ ಉಳಿದರೆ ಕನ್ನಡಿಗಳ ಹೊಂದಾಣಿಕೆ ತಪ್ಪಿದೆ, ವೃತ್ತ ಮೊಟ್ಟೆಯಾಕಾರ ಬಂದರೆ ಬೆಲ್ಟು ಸಡಿಲ. ಟ್ಯೂಬ್, ಲೆನ್ಸ್, ಪವರ್ ಸಪ್ಲೈ ಮೂರಕ್ಕೂ ವಾರಂಟಿ ಎಷ್ಟು ತಿಂಗಳು, ರಿಪೇರಿಗೆ ಎಲ್ಲಿಂದ ಬರುತ್ತಾರೆ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ಕೊಂಡು ವಿಜಯಪುರದಲ್ಲಿ ಓಡಿಸುವವರಿಗೆ ಬೆಲೆಗಿಂತ ಇದು ದೊಡ್ಡದು.

ದಿನನಿತ್ಯದ ಆರೈಕೆ?

ಬೆಳಗ್ಗೆ ಯಂತ್ರ ಹಚ್ಚುವ ಮೊದಲು ಲೆನ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ. ಬೆರಳು ತಾಗಿಸಬೇಡಿ, ಸಿಒ2 ಲೆನ್ಸ್ ಜಿಂಕ್ ಸೆಲೆನೈಡಿನದು, ಒಡೆದರೆ ಚೂರು ವಿಷಕಾರಿ, ಗ್ಲೌಸ್ ಹಾಕಿಯೇ ಎತ್ತಿ. ಜಾಳಿಗೆ ಹಾಸಿನ ಕೆಳಗೆ ಬಿದ್ದ ಚೂರುಗಳನ್ನು ಪ್ರತಿದಿನ ತೆಗೆಯಿರಿ, ಬೆಂಕಿ ಮೊದಲು ಹಿಡಿಯುವುದು ಅಲ್ಲೇ. ವಾರಕ್ಕೊಮ್ಮೆ ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗೆ ಅಂಟಿದ ಜಿಡ್ಡು ಕೆರೆದು, ಚಿಲ್ಲರಿನ ಜಾಲರಿಯ ದೂಳು ಊದಿ ತೆಗೆಯಿರಿ. ಹೊಸ ಹಾಳೆಯ ಕಟ್ಟು ಬಂದಾಗಲೆಲ್ಲ ಅದರ ಮೂಲೆಯಲ್ಲಿ ವೇಗ–ಶಕ್ತಿಯ ಚೌಕಪಟ್ಟಿ (ಬೇರೆ ಬೇರೆ ವೇಗ, ಶಕ್ತಿಯ ಪುಟ್ಟ ಚೌಕಗಳು) ಕೊರೆದು, ತಾರೀಖು ಬರೆದು ಗೋಡೆಗೆ ತೂಗುಹಾಕಿ.